ಅಜ್ಜ ಶ್ವೆ ಬಾನ್‌ನ ತಾಂಬೂಲ ಕರಡಿಗೆ

ವಾಸೋ ಬಹುಳ ೧

ಮಾತಾಡಲು ಲಾಯಕ್ಕಾದವರು ಈ ಮಿಂಕಬಾ ಊರಿನಲ್ಲಿ ಒಬ್ಬರೂ ಉಳಿದಿಲ್ಲ. ಹೆಂಡತಿ ಇದ್ದಳು, ಹೋದಳು. ಅವಳಿಗೂ ನನ್ನ ಮಾತು ಅರ್ಧವೇ ಅರ್ಥವಾಗುತ್ತಿತ್ತು, ಆದರೆ ಉಳಿದರ್ಧಕ್ಕೆ ಸುಮ್ಮನಿರುವ ಬುದ್ಧಿ ಇತ್ತು. ಅದಕ್ಕೇ ಈ ಪುಸ್ತಕ ತಂದಿದ್ದೇನೆ. ಇದಾದರೂ ಎದುರಾಡುವುದಿಲ್ಲ.

ನಿನ್ನೆ ಹುಣ್ಣಿಮೆ. ಭಿಕ್ಷುಗಳು ಮಳೆಗಾಲದ ವ್ರತಕ್ಕೆ ಕೂತರು. ಇನ್ನು ಮೂರು ತಿಂಗಳು ಊರಿನಲ್ಲಿ ಮದುವೆಯಿಲ್ಲ, ಮದುವೆಯ ಮಾತಿಲ್ಲ. ಸದ್ಯ ಗಲಾಟೆ ತಪ್ಪಿತು ಎಂದುಕೊಂಡು ವಿಹಾರದಿಂದ ಬಂದರೆ ಮಗಳು ತಾನ್ ಶಿನ್ ಕಂಬಕ್ಕೊರಗಿ ಕಾಯುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದವಳು, ಹದಿನೈದು ವರ್ಷದಿಂದ ನನ್ನ ಪಕ್ಕ ಕೂತು ಕಂಟ ಹಿಡಿದು ಅರಗಿನ ಡಬ್ಬಿಗಳ ಮೇಲೆ ಗೆರೆ ಕೆತ್ತುವವಳು. ವ್ರತ ಮುಗಿದ ಮೇಲೆ ಲುನ್ ಮೌಂಗ್‌ನ ಅಪ್ಪ ಹೆಣ್ಣು ಕೇಳಲು ಬರುತ್ತಾರಂತೆ. ಅವನು ಒಬ್ಬನೇ ಮಗನಾದ್ದರಿಂದ ಮದುವೆಯಾದ ಮೇಲೆ ಅವರ ಊರಿಗೇ ಹೋಗಬೇಕಂತೆ. ಇಷ್ಟು ಹೇಳಿ, ಅಕ್ಕಿ ಬೆಂದಿದೆ ಎಂದು ಒಳಗೆ ಹೋದಳು.

ಲುನ್ ಮೌಂಗ್ ಎನ್ನುವವನು ಕ್ಯೌಕ್ಕದವನು. ಎರಡು ವರ್ಷದಿಂದ ನಮ್ಮ ಕೆಳಗೇರಿಯಲ್ಲಿ ಡಬ್ಬಿಗಳ ಮೈ ಕಟ್ಟುವ ಕೂಲಿಗಿದ್ದಾನೆ. ಕ್ಯೌಕ್ಕ ಅಂದರೆ ಏನು? ಬಿದಿರಿನ ಸೀಳು ಸುತ್ತುವುದು, ಅರಗಿಗೆಂದು ತಿಸ್ಸಿ ಮರದ ಹಾಲು ಬಳಿಯುವುದು, ಕರ್ರಗೆ ಮಿರುಗಿತೆಂದರೆ ಕೆಲಸ ಮುಗಿಯಿತು. ಒಂದು ಗೆರೆಯಿಲ್ಲ, ಒಂದು ಎಲೆಯಿಲ್ಲ, ಒಂದು ಹಕ್ಕಿಯಿಲ್ಲ. ನಲವತ್ತು ವರ್ಷ ಬಾಳಿಕೆ ಬರುತ್ತದೆ ಎಂದು ಜಂಭ ಬೇರೆ. ಒರಳುಕಲ್ಲೂ ಬಾಳಿಕೆ ಬರುತ್ತದೆ. ಅವನ ಹೆಸರು ಬರೆದು ಶಾಯಿ ದಂಡ ಮಾಡುವುದಿಲ್ಲ. ಇನ್ನು ಮುಂದೆ ಕರಿಡಬ್ಬಿ ಎಂದರೆ ಸಾಕು.

ನಾನು ಬೇಡವೆಂದು ಕೂಗಾಡಲಿಲ್ಲ. ಬರಲಿ. ಬಂದವರ ಮುಂದೆ ಅಜ್ಜ ಶ್ವೆ ಬಾನ್‌ನ ತಾಂಬೂಲ ಕರಡಿಗೆ ಇಡುತ್ತೇನೆ. ಮಾಂಡಲೆಯ ಅರಮನೆಯ ಮಂತ್ರಿಗಾಗಿ ಮಾಡಿದ್ದು, ಮಂತ್ರಿ ಸತ್ತ ಮೇಲೆ ಅವನ ಮನೆಯವರೇ ಗೌರವದಿಂದ ತಂದುಕೊಟ್ಟದ್ದು. ಬಿದಿರು ಕಡಿದದ್ದರಿಂದ ಹಿಡಿದು ಕೊನೆಯ ಉಜ್ಜಿನವರೆಗೆ ಅಜ್ಜ ಅದಕ್ಕೆ ಇನ್ನೊಬ್ಬರ ಕೈ ಸೋಕಿಸಲಿಲ್ಲ. ಅದರ ಕತೆ ಹೇಳುತ್ತೇನೆ, ನಿಮ್ಮಲ್ಲಿ ಇಂಥದ್ದು ಒಂದಾದರೂ ಇದೆಯೇ ಎಂದು ಕೇಳುತ್ತೇನೆ. ಎರಡು ಕಡೆಯ ಹಿರಿಯರು ಒಂದೇ ಕರಡಿಗೆಯಿಂದ ಎಲೆಯಡಿಕೆ ತಿಂದರೆ ಸಂಬಂಧ ಕುದುರಿತು ಎಂದರ್ಥ. ಅವರು ಕೈ ಚಾಚುವ ಹೊತ್ತಿಗೆ ಮುಚ್ಚಳ ಹಾಕುತ್ತೇನೆ. ನನ್ನಪ್ಪ ಹೀಗೆ ಒಮ್ಮೆ ಸಲೇ ಊರಿನವರ ಮುಂದೆ ಮುಚ್ಚಳ ಹಾಕಿದ್ದರು. ಇಪ್ಪತ್ತು ವರ್ಷ ಜನ ಅದನ್ನೇ ಆಡಿಕೊಂಡರು.

ವಾಸೋ ಬಹುಳ ೬

ನ್ಯೌಂಗೂ ಪೇಟೆಯ ಅಂಗಡಿಯವನು ಟೋಪಿ ಹಾಕಿದ್ದಾನೆ. ಗೆರೆ ಹಾಕಿದ ಪುಸ್ತಕ ಎಂದು ಕೊಟ್ಟ. ಇದರಲ್ಲಿ ಗೆರೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಈಗಿನ ಶಾಯಿಯೂ ನೀರು, ಎಣ್ಣೆಯೂ ಕಲಬೆರಕೆ, ದೀಪಗಳೆಲ್ಲ ಮಂಕು.

ಬೆಳಗ್ಗೆ ಮೇಲಿನಕೇರಿಯ ಕಡೆ ಹೋಗಿದ್ದೆ. ಸಾಲಾಗಿ ಕೂತು ಬೂದಿಬಟ್ಟಲು ಕೆತ್ತುತ್ತಿದ್ದಾರೆ. ಎರಡು ಗೆರೆಗೆ ಆನೆ, ಮೂರು ಗೆರೆಗೆ ರಾಜಕುಮಾರ. ಗುಡಿ ನೋಡಲು ಬರುವ ಪರದೇಶದವರು ಅದರಲ್ಲಿ ಚುಟ್ಟದ ಬೂದಿ ಕೊಡವುತ್ತಾರಂತೆ. ಸರಿಯಾದ ಉಪಯೋಗವೇ.

ಮಧ್ಯಾಹ್ನ ಮಾಂಡಲೆಯ ವ್ಯಾಪಾರಿ ಬಂದಿದ್ದ. ಈ ವರ್ಷ ನಾನು ಮುಗಿಸಿದ ಮೂರು ಕರಡಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿ, ವಯಸ್ಸಾದಷ್ಟೂ ಸಯಾ ಅವರ ಗೆರೆ ಸಣ್ಣಗಾಗುತ್ತಿದೆ, ಗುರುಗಳೆಂದರೆ ಹೀಗಿರಬೇಕು, ಕೂದಲು ಎಳೆದ ಹಾಗಿದೆ ಎಂದ. ಕತ್ತೆಗೂ ಒಮ್ಮೊಮ್ಮೆ ಕಸ್ತೂರಿಯ ವಾಸನೆ ಹತ್ತುತ್ತದೆ. ತಾನ್ ಶಿನ್ ಅಲ್ಲೇ ಇದ್ದಳು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಓಡಿದಳು. ಹೆತ್ತಪ್ಪನ ಹೊಗಳಿಕೆ ನಿಂತು ಕೇಳುವ ಸೌಜನ್ಯವೂ ಇಲ್ಲ. ಮದುವೆಯ ಹುಚ್ಚು ಹತ್ತಿದ ಮೇಲೆ ಹೀಗೆಯೇ.

ವಾಸೋ ಬಹುಳ ೧೧

ಕರಡಿಗೆ ಬಿತ್ತು.

ಗೂಡಿನ ಹಲಗೆಯನ್ನು ಯಾರೋ ಒಂದು ಗೇಣು ಆಚೆ ಸರಿಸಿದ್ದಾರೆ. ಅರವತ್ತು ವರ್ಷದಿಂದ ಕೈ ಚಾಚಿದಲ್ಲಿ ಇದ್ದ ಹಲಗೆ ಇವತ್ತು ಅಲ್ಲಿರಲಿಲ್ಲ. ಅಕ್ಕ ದಾ ಪು, ಯಾರೂ ಏನೂ ಸರಿಸಿಲ್ಲ ಎಂದಳು. ಹಾಗಾದರೆ ಬೆಕ್ಕು. ಮನೆಯಲ್ಲಿ ಬೆಕ್ಕಿಲ್ಲ ಎಂದಳು. ಪಕ್ಕದ ಮನೆಯಲ್ಲಿದೆ.

ಮುಚ್ಚಳಕ್ಕೆ ಏನೂ ಆಗಿಲ್ಲ, ಒಳಗಿನ ಎರಡು ತಟ್ಟೆಗಳಿಗೂ ಆಗಿಲ್ಲ. ತಳದ ಹತ್ತಿರ ಮೈ ಸೀಳಿದೆ. ಎರಡು ಬೆರಳಗಲ ಅರಗು ಹಾರಿಹೋಗಿ ಬಿದಿರು ಕಾಣುತ್ತಿದೆ. ಅಜ್ಜ ಕೆತ್ತಿದ ಬಳ್ಳಿ ಅಲ್ಲಿಗೆ ತುಂಡಾಗಿದೆ. ಊಟ ಸೇರಲಿಲ್ಲ.

ವಾಗೌಂಗ್ ಶುಕ್ಲ ೨

ಮೈ ಸರಿಪಡಿಸುವವರು ಯಾರು? ನನ್ನ ಹಳೆಯ ಕೆಲಸಗಾರ ಬೇಸಿಗೆಯಲ್ಲಿ ಸತ್ತ. ಉಳಿದವರು ಬೂದಿಬಟ್ಟಲಿನ ವೀರರು. ಅವರ ಕೈಗೆ ಇದನ್ನು ಕೊಡುವುದೂ ಒಂದೇ, ಒಲೆಗೆ ಹಾಕುವುದೂ ಒಂದೇ.

ಅಕ್ಕ ಚುಟ್ಟ ಸೇದುತ್ತ ಕೂತಿದ್ದವಳು ಬಾಯಿ ಬಿಟ್ಟಳು. "ಕ್ಯೌಕ್ಕದ ಹುಡುಗನಿಗೆ ಕೊಡೋ ತಮ್ಮ. ಮೈ ಕಟ್ಟೋದ್ರಲ್ಲಿ ಅವನ್ನ ಮೀರಿಸೋರು ಈ ದಡದಲ್ಲಿಲ್ಲ. ನಿನಗೂ ಗೊತ್ತು, ಸುಮ್ನೆ ಬಿಗುಮಾನ."

ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಯಾವ ಕರಡಿಗೆಯ ಮುಚ್ಚಳ ಅವನ ಮುಖಕ್ಕೆ ಹಾಕಬೇಕೋ ಅದನ್ನು ಅವನ ಕೈಯಿಂದಲೇ ಸರಿಮಾಡಿಸುವುದು. ಇಂಥ ಚಂದ ನನಗೇ ಹೊಳೆದಿರಲಿಲ್ಲ. ಮುಚ್ಚಳದ ವಿಷಯವನ್ನೂ ಇಬ್ಬರಿಗೂ ಬಾಯಿಬಿಟ್ಟು ತಿಳಿಸಿ, ಅವನಿಗೆ ಹೇಳಿ ಕಳಿಸು ಎಂದೆ. ಯಾಕೆ ಸರಿಮಾಡಿಸುತ್ತಿದ್ದೀರಿ ಅಂತ ಅವರಿಗೆ ಮೊದಲೇ ಹೇಳುತ್ತೇನೆ ಎಂದಳು ತಾನ್ ಶಿನ್. ಧಾರಾಳವಾಗಿ ಹೇಳು ಎಂದೆ. ಮಾನ ಇದ್ದವನು ಬರುವುದಿಲ್ಲ.

ವಾಗೌಂಗ್ ಶುಕ್ಲ ೪

ಬಂದ.

ವಾಗೌಂಗ್ ಶುಕ್ಲ ೫

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆದು ಮುಗಿಸುತ್ತೇನೆ.

ಕರಿಡಬ್ಬಿಗೆ ಮೂವತ್ತಮೂರು ವರ್ಷವಂತೆ. ಉಗುರೆಲ್ಲ ತಿಸ್ಸಿ ಹಿಡಿದು ಕಪ್ಪು. ನಮಸ್ಕಾರ ಮಾಡಿ ಕೆಳಗೆ ಕೂತ. ಹೆಣ್ಣು ಕೇಳುವವನ ಯಾವ ಠೀವಿಯೂ ಇಲ್ಲ, ಸೊಪ್ಪು ಮಾರಲು ಬಂದವನ ಹಾಗೆ. ನಾನು ಎದುರಿಗೇ ಕೂತೆ. ನಂಬಲು ಅವನೇನು ನನ್ನ ನೆಂಟನೇ?

ಚಾಕುವಿನ ಮೊನೆಯಿಂದ ಸೀಳಿನ ಅಂಚನ್ನು ಸ್ವಲ್ಪ ಸ್ವಲ್ಪ ಬಿಡಿಸಿದ. ಅಜ್ಜ ಹಾಕಿದ ಮೂಳೆಬೂದಿಯ ಮೆತ್ತು ಪುಡಿಪುಡಿಯಾಗಿ ಉದುರಿತು. ಒಳಗಿನ ಬಿದಿರ ಸುತ್ತು ತೆರೆದುಕೊಂಡಿತು. ಅಲ್ಲಿಗೆ ಅವನ ಕೈ ನಿಂತಿತು. ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಏನಾಯಿತು ಎಂದೆ. ಏನಿಲ್ಲ ಸಯಾ ಎಂದ. ಏನಿಲ್ಲ ಎನ್ನುವವರ ದನಿ ಹಾಗಿರುವುದಿಲ್ಲ. ಕೊಡಿಲ್ಲಿ ಎಂದು ಕಿತ್ತುಕೊಂಡು ಸೀಳಿನೊಳಗೆ ಬೆರಳು ಹಾಕಿದೆ. ಈಚೆಗೆ ನನ್ನ ಬೆರಳು ಬಹಳ ಚುರುಕಾಗಿದೆ.

ನಮ್ಮವರು ಬಿದಿರ ಪಟ್ಟಿ ಸುತ್ತಿ ತುದಿಯನ್ನು ಹೊರಗೆ ಬಿಟ್ಟು ನುಣ್ಣಗೆ ಹೆರೆಯುತ್ತಾರೆ. ಕ್ಯೌಕ್ಕದವರು ತುದಿಯನ್ನು ಓರೆಯಾಗಿ ಕತ್ತರಿಸಿ ಒಳಸುತ್ತಿನ ಸಂದಿಗೆ ಸಿಗಿಸುತ್ತಾರೆ. ನಾವು ಹುಡುಗರಾಗಿದ್ದಾಗ ಅದಕ್ಕೆ ಇಲಿಬಾಲ ಎಂದು ಹೆಸರಿಟ್ಟು ನಗುತ್ತಿದ್ದೆವು.

ಅಜ್ಜನ ಕರಡಿಗೆಯೊಳಗೆ ಇಲಿಬಾಲ ಇತ್ತು.

ಮುಚ್ಚಳ ತರಿಸಿ ಒಳಗೆ ಬೆರಳಾಡಿಸಿದೆ. ಅಲ್ಲೂ ಅರಗಿನಡಿಯಲ್ಲಿ ಅದೇ ಸಣ್ಣ ಉಬ್ಬು. ಅರವತ್ತು ವರ್ಷ ನನ್ನ ಕೈಯಿಂದಲೇ ಎಣ್ಣೆ ಹಚ್ಚಿ ಒರೆಸಿದ್ದೇನೆ. ಕರಿಡಬ್ಬಿ ನನ್ನ ಮುಖ ನೋಡಲಿಲ್ಲ. ಮೆತ್ತು ಕಲೆಸಲು ಶುರುಮಾಡಿದ.

ವಾಗೌಂಗ್ ಶುಕ್ಲ ೬

ಬರೆಯುವಂಥದ್ದು ಏನೂ ಇಲ್ಲ.

ವಾಗೌಂಗ್ ಶುಕ್ಲ ೧೪

ಅಜ್ಜ ಶ್ವೆ ಬಾನ್ ಎಂಥ ಮನುಷ್ಯ! ಕ್ಯೌಕ್ಕದಿಂದ ಮೈ ತರಿಸಿ, ಮೇಲೆ ಗೆರೆ ಎಳೆದು, ಎಲ್ಲ ನನ್ನದೇ ಎಂದು ಮಗನಿಗೆ ಹೇಳಿದ. ಮಗ ನನಗೆ ಹೇಳಿದ. ನಾನು ಊರಿಗೆಲ್ಲ ಹೇಳಿದೆ. ಮೂರು ತಲೆಮಾರು ಕೂತು ತುತ್ತೂರಿ ಊದಿದ್ದೇವೆ. ಮೈ ತರಿಸುವುದು ತಪ್ಪೆಂದು ಯಾರು ಹೇಳಿದರು? ನಾನೂ ನನ್ನ ಕೆಲಸಗಾರನಿಂದ ಮಾಡಿಸುತ್ತಿದ್ದೆ. ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಕೆತ್ತುವ ಕೈ ಇದ್ದವನಿಗೆ ಸುಳ್ಳು ಯಾಕೆ ಬೇಕಿತ್ತು? ಸತ್ತವರನ್ನು ಬೈಯಬಾರದು ಎನ್ನುತ್ತಾಳೆ ಅಕ್ಕ. ಬದುಕಿದ್ದವರು ಕಿವಿಗೊಡುತ್ತಾರೆಯೇ?

ಅವಳಿಗೆ ವಿಷಯ ಗೊತ್ತಿಲ್ಲ. ನಾನು ಸುಮ್ಮನೆ ಅಜ್ಜನನ್ನು ಬೈಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ತಾನ್ ಶಿನ್‌ಗೂ ಗೊತ್ತಿಲ್ಲ. ಅಂದರೆ ಕರಿಡಬ್ಬಿ ಅವಳಿಗೂ ಹೇಳಿಲ್ಲ. ಇದರಲ್ಲಿ ಏನೋ ಉಪಾಯವಿರಬೇಕು. ಬಂದವರೆದುರು ನಾನು ಕತೆ ಹೇಳುವಾಗ ಮಧ್ಯದಲ್ಲಿ ಬಾಯಿ ಹಾಕಿ ಮಾನ ಕಳೆಯಬೇಕೆಂದು ಕಾದಿದ್ದಾನೆ. ಹುಷಾರಾಗಿರಬೇಕು.

ಇಲಿಬಾಲ ಮೆತ್ತಿನಡಿ ಮುಚ್ಚಿಹೋಗಿದೆ. ಮೊದಲ ಸಲದ ತಿಸ್ಸಿ ಬಳಿದು ಕರಡಿಗೆಯನ್ನು ನೆಲಮಾಳಿಗೆಯ ತಂಪಿನಲ್ಲಿಟ್ಟು ಹೋದ. ಏಳು ದಿನಕ್ಕೊಮ್ಮೆ ಬಂದು ಉಜ್ಜಿ ಮತ್ತೆ ಬಳಿಯುತ್ತಾನಂತೆ.

ವಾಗೌಂಗ್ ಬಹುಳ ೬

ಮೂಗನ ಹಾಗೆ ಕೂತು ಉಜ್ಜುತ್ತಾನೆ. ಕ್ಯೌಕ್ಕದಲ್ಲಿ ಮಾತಿಗೂ ಬಣ್ಣವಿಲ್ಲ ಎಂದು ಕಾಣುತ್ತದೆ. ನಾನೇ ಕೆಣಕಿದೆ, ನಿಮ್ಮೂರಲ್ಲಿ ಗೆರೆ ಯಾಕೆ ಹಾಕುವುದಿಲ್ಲ, ಬರುವುದಿಲ್ಲವೋ ಎಂದೆ. ಬರುವುದಿಲ್ಲ ಎಂದ. ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಮುಂದೆ ಏನು ಮಾತಾಡುವುದು?

ಮೀನಿನ ಸಾರು ಎರಡು ಸಲ ಹಾಕಿಸಿಕೊಂಡ. ಅದು ಅಕ್ಕ ಹೇಳಿದ್ದು.

ವಾಗೌಂಗ್ ಬಹುಳ ೧೩

ಇವತ್ತು ಏಳನೆಯ ದಿನ. ಲುನ್ ಮೌಂಗ್ ಬರಲಿಲ್ಲ. ಹೊತ್ತು ನೆತ್ತಿಗೇರುವವರೆಗೆ ಚಾಪೆ ಹಾಸಿಯೇ ಇತ್ತು. ಇಂಥವರನ್ನು ನಂಬಿ ಕೂತರೆ ಕೆಲಸ ಆದ ಹಾಗೆಯೇ. ಜ್ವರವಂತೆ. ಶುಂಠಿ ಹಾಕಿ ಗಂಜಿ ಮಾಡಿ ಕಳಿಸಲು ಅಕ್ಕನಿಗೆ ಹೇಳಿದೆ. ಕೆಲಸ ನಿಲ್ಲಬಾರದಲ್ಲ.

ತೌತಲಿನ್ ಶುಕ್ಲ ೧೦

ಮೈ ಮುಗಿಯಿತು. ಹಳೆಯದು ಎಲ್ಲಿ ನಿಲ್ಲುತ್ತದೆ, ಹೊಸದು ಎಲ್ಲಿ ಶುರುವಾಗುತ್ತದೆ ಎಂದು ನನ್ನ ಬೆರಳಿಗೂ ಸಿಗಲಿಲ್ಲ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಇನ್ನು ಗೆರೆ. ತುಂಡಾದ ಬಳ್ಳಿಯನ್ನು ಎರಡು ಬೆರಳಗಲ ಕೆತ್ತಿ ಕೂಡಿಸಬೇಕು. ಇಂಗಳೀಕ ತುಂಬುವ ಕೆಂಪು ಗೆರೆ ಮೊದಲು, ಅದು ಒಣಗಿದ ಮೇಲೆ ಹರಿದಾಳ ನೀಲಿ ಬೆರೆಸಿದ ಹಸಿರು. ತಾನ್ ಶಿನ್, ನಾನು ಮಾಡಲೇ ಅಪ್ಪ ಎಂದಳು. ಕೊಡುವುದುಂಟೇ?

ತೌತಲಿನ್ ಬಹುಳ ೧

ಮೂರು ಬೆಳಗು ಕೂತು ಕೆಂಪಿನ ಗೆರೆ ಕೆತ್ತಿ ಮುಗಿಸಿದೆ. ಅಜ್ಜ ಎದ್ದು ಬಂದರೂ ಯಾವುದು ತನ್ನದು, ಯಾವುದು ನನ್ನದು ಎಂದು ಹುಡುಕಬೇಕು. ಸುಳ್ಳನಿಗೆ ಅಷ್ಟು ಶಾಸ್ತಿಯಾಗಲಿ. ತಾನ್ ಶಿನ್ ನೋಡಿ ಚೆನ್ನಾಗಿದೆ ಅಪ್ಪ ಎಂದಳು. ಅಕ್ಕ ಚುಟ್ಟದ ಹೊಗೆ ಬಿಟ್ಟು ಚೆನ್ನಾಗಿದೆ ಎಂದಳು. ನಿಮಗೆ ಮಲಗುವ ಹೊತ್ತಾಯಿತು, ಮಧ್ಯಾಹ್ನ ನಾನೇ ಇಂಗಳೀಕ ಹಚ್ಚುತ್ತೇನೆ ಎಂದಳು ಮಗಳು. ಬೇಡ, ನಾಳೆ ಲುನ್ ಮೌಂಗ್ ಉಜ್ಜಲು ಬರುತ್ತಾನೆ, ಅವನೂ ನೋಡಲಿ, ಗೆರೆ ಅಂದರೆ ಏನೆಂದು ಕಲಿಯಲಿ ಎಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಅವಳ ಮುಖ ಸಪ್ಪಗಾಯಿತೆಂದು ದನಿಯಲ್ಲೇ ತಿಳಿಯಿತು. ಅಸೂಯೆ.

ತೌತಲಿನ್ ಬಹುಳ ೨

ಶಾಯಿಬುಡ್ಡಿ ಉರುಳಿಸಿದೆ. ಸಿಟ್ಟಿಗೆ.

ಲುನ್ ಮೌಂಗ್ ಕರಡಿಗೆ ಹಿಡಿದು ಬಾಗಿಲ ಬೆಳಕಿಗೆ ಹೋದ. ತಿರುಗಿ ಬಂದು ಕೂತ. ಹೇಳು ಎಂದೆ.

"ಸಯಾ, ಗೆರೆ ಓಡಿದೆ."

"ಎಲ್ಲಿ ಓಡಿದೆ?"

"ಬಳ್ಳಿ ಆಚೆ ಕಡೆ ಬಳ್ಳಿಗೆ ಸೇರಿಲ್ಲ. ಎರಡು ಕಡೆ ಒಂದ್ರ ಮೇಲೊಂದು ಹತ್ಕೊಂಡಿದೆ. ನಿಮಗೆ ಕಾಣಿಸ್ತಿಲ್ಲ ಸಯಾ."

ಕಾಣಿಸುತ್ತಿಲ್ಲವೇ ಎಂದು ಕೇಳಲಿಲ್ಲ ಅವನು. ಕಾಣಿಸುತ್ತಿಲ್ಲ ಎಂದು ಹೇಳಿದ. ಬಿದಿರಿಗೆ ಮಸಿ ಬಳಿಯುವವನು ನನಗೆ ಗೆರೆಯ ಪಾಠ ಹೇಳುತ್ತಾನೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಊರನ್ನೂ, ಅವನ ಅಪ್ಪನನ್ನೂ, ಅವನು ನನ್ನ ಮನೆಯಲ್ಲಿ ತಿಂದ ಸಾರನ್ನೂ ಬಿಡಲಿಲ್ಲ. ಅವನು ಎದ್ದು ಲುಂಗಿ ಸರಿಮಾಡಿಕೊಂಡ.

"ಒಳಗಿನ ವಿಷಯ ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಅದು ಸತ್ತುಹೋದವರದ್ದು. ಇದು ಹಾಗಲ್ಲ ಸಯಾ. ನಾಳೆ ನಾಲ್ಕು ಜನರ ಕೈಗೆ ಹೋಗುತ್ತೆ, ನೋಡಿದವರು ನಗ್ತಾರೆ. ನಿಮ್ಮನ್ನ ನೋಡಿ ನಗೋದು ನನಗೆ ಬೇಡ."

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಕರಡಿಗೆಯನ್ನು ಬೆಳಕಿಗೆ ಹಿಡಿದೆ. ಮಂಜು ಕಂಡಿತು. ಬೆರಳಲ್ಲಿ ಮುಟ್ಟಿದೆ, ಬೆರಳು ಹೇಳಿದ್ದನ್ನು ನಂಬಲಿಲ್ಲ. ಕೊನೆಗೆ ನಾಲಿಗೆಯ ತುದಿಯಲ್ಲಿ ಮುಟ್ಟಿದೆ. ಅಜ್ಜನ ಗೆರೆ ನೀಟಾಗಿ ಸಾಗಿ ಬಂದು ನಿಂತಿತ್ತು. ಅದರ ಮುಂದೆ ನನ್ನದು ಕೋಳಿ ಕೆದಕಿದ ಹಾಗಿತ್ತು.

ತೌತಲಿನ್ ಬಹುಳ ೩

ಮಗಳನ್ನು ಕರೆದು ಕೂರಿಸಿದೆ. ಎಷ್ಟು ದಿನದಿಂದ ಎಂದೆ. ಅವಳು ಅತ್ತಳು. ಅಳುವುದನ್ನು ಆಮೇಲೆ ಇಟ್ಟುಕೋ, ಲೆಕ್ಕ ಹೇಳು ಎಂದೆ.

"ಹೋದ ವರ್ಷದ ನೀರಾಟದ ಹಬ್ಬಕ್ಕೆ ಮುಂಚಿನಿಂದ ಅಪ್ಪ."

"ಎಷ್ಟು ಡಬ್ಬಿ?"

"ಎಲ್ಲಾನೂ."

ನಾನು ಮಧ್ಯಾಹ್ನ ಮಲಗಿದಾಗ ನನ್ನ ಗೆರೆಯನ್ನು ಉಜ್ಜಿ ತೆಗೆದು ಹೊಸದಾಗಿ ಕೆತ್ತುತ್ತಿದ್ದಳಂತೆ. ತಳದಲ್ಲಿ 'ಸಯಾ ತಾ ನ್ಯೋನ ಕೈ' ಎಂದು ಬರೆದದ್ದೂ ಅವಳೇ. ಅಕ್ಕನಿಗೆ ಗೊತ್ತಿತ್ತು. ಮಾಂಡಲೆಯ ಕತ್ತೆ ಕಸ್ತೂರಿ ಎಂದು ಮೂಸಿದ್ದು ಅವಳ ಗೆರೆಯನ್ನು. ನನ್ನ ಮನೆಯಲ್ಲಿ ನನ್ನನ್ನೇ ಗುಡಿಯ ಬೊಂಬೆ ಮಾಡಿ ಕೂರಿಸಿ, ದಿನಾ ಹೂವೇರಿಸುತ್ತಿದ್ದರು. ಥೂ.

ಪಖೊಕ್ಕುವಿನ ಕಣ್ಣಿನ ಡಾಕ್ಟರು ಬೇಸಿಗೆಯಲ್ಲಿ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈ ಪುಸ್ತಕಕ್ಕೂ ಹೇಳಿರಲಿಲ್ಲ. ಪೊರೆಯಾಗಿದ್ದರೆ ತೆಗೆಯಬಹುದಿತ್ತಂತೆ, ಇದು ಒಳಗಿನ ನರವಂತೆ. ಅವನಿಗೇನು ಗೊತ್ತು, ಮೀಸೆ ಚಿಗುರದ ಹುಡುಗ ಎಂದುಕೊಂಡು ದೋಣಿ ಹತ್ತಿದ್ದೆ.

ತೌತಲಿನ್ ಬಹುಳ ೯

ನನ್ನ ಗೆರೆಯನ್ನು ಉಜ್ಜಿಹಾಕಿಸಿದೆ. ಲುನ್ ಮೌಂಗ್‌ನನ್ನು ಮತ್ತೆ ಕರೆಸಿದೆ. ಕರೆದ ಕೂಡಲೇ ಬಂದ, ಅಂದದ್ದಕ್ಕೆ ಮುನಿಸಿಲ್ಲ. ರೋಷವಿಲ್ಲದವರನ್ನು ಕಂಡರೆ ನನಗೆ ಆಗುವುದಿಲ್ಲ. ಹೊಸ ಅರಗು ಬಳಿದ.

ಅದು ಒಣಗಿದ ಮೇಲೆ ತಾನ್ ಶಿನ್ ಕೆತ್ತುತ್ತಾಳೆ.

ತದಿಂಜು ಶುಕ್ಲ ೪

ತಾನ್ ಶಿನ್ ಕಿಟಕಿಯ ಹತ್ತಿರ ಕೂತು ಕೆತ್ತುತ್ತಾಳೆ, ನಾನು ಪಕ್ಕದಲ್ಲಿರುತ್ತೇನೆ. ಅರಗನ್ನು ಕಂಟ ಸೀಳುವ ಸದ್ದಿನಲ್ಲೇ ಗೆರೆ ಸರಿಯೋ ತಪ್ಪೋ ತಿಳಿಯುತ್ತದೆ. ಒಂದು ಸಲವೂ ತಪ್ಪಲಿಲ್ಲ. ಹೊಗಳಲಿಲ್ಲ ನಾನು. ಹೊಗಳಿದರೆ ತಲೆ ತಿರುಗುತ್ತದೆ.

ಮುಚ್ಚಳ ಹಾಕುವುದು ಖಂಡಿತವೇ ಅಪ್ಪ ಎಂದು ಕೇಳಿದಳು, ಕಂಟ ನಿಲ್ಲಿಸದೆ. ಖಂಡಿತ ಎಂದೆ. ಸರಿ ಎಂದಳು. ಬೇರೆ ಹುಡುಗಿಯಾಗಿದ್ದರೆ ಸಂತೆಯ ದಿನ ನೋಡಿ ಅವನ ಜೊತೆ ಓಡಿಹೋಗುತ್ತಿದ್ದಳು, ಆರು ತಿಂಗಳಿಗೆ ಅಪ್ಪನೇ ಕರೆಸಿಕೊಳ್ಳುತ್ತಿದ್ದ. ಇವಳು ಹೋಗುವುದಿಲ್ಲ. ನಾನು ಮುಚ್ಚಳ ಹಾಕಿದರೆ ಇಲ್ಲೇ ಕೂತು, ಇದೇ ಕಿಟಕಿಯಲ್ಲಿ, ನನ್ನ ಹೆಸರು ಕೆತ್ತುತ್ತ ಮುದುಕಿಯಾಗುತ್ತಾಳೆ.

ಹಾಗೆ ಆಗಬೇಕೆಂದೇ ನಾನು ಮುಚ್ಚಳ ಹಾಕುತ್ತಿದ್ದೇನೆ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಾಲಿಗೆಗೆ ಮೂಳೆಯಿಲ್ಲ. ನಾನು ಮುಚ್ಚಳ ಹಾಕುವುದು ಕ್ಯೌಕ್ಕದವರು ಕರಿಡಬ್ಬಿಯವರು ಎಂಬ ಕಾರಣಕ್ಕೆ. ಬೇರೆ ಕಾರಣವಿಲ್ಲ. ವಾಸೋ ತಿಂಗಳಲ್ಲೇ ಬರೆದಿಟ್ಟಿದ್ದೇನೆ.

ಇದನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ. ಹೊಡೆದದ್ದು ಸರಿಯಾದ ಜಾಗಕ್ಕೆ ಬಿತ್ತೋ ಇಲ್ಲವೋ.

ತದಿಂಜು ಹುಣ್ಣಿಮೆ

ವ್ರತ ಮುಗಿಯಿತು. ಊರೆಲ್ಲ ದೀಪ ಹಚ್ಚಿದ್ದಾರಂತೆ. ಬಹಳ ಚೆನ್ನಾಗಿದೆ ಎಂದು ಅಕ್ಕ ಹತ್ತು ಸಲ ಹೇಳಿದಳು. ಹತ್ತು ಸಲ ಹೇಳುವ ಅಗತ್ಯವಿರಲಿಲ್ಲ.

ತದಿಂಜು ಬಹುಳ ೩

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಪುಟ ಬೇಗ ಮುಗಿಯುತ್ತದೆ, ಮುಗಿಯಲಿ.

ಬೆಳಗ್ಗೆ ಬಂದರು. ಲುನ್ ಮೌಂಗ್‌ನ ಅಪ್ಪ ಬೋ ತೀ, ಜೊತೆಗೆ ಅವರ ಊರಿನ ಇನ್ನೊಬ್ಬ ಹಿರಿಯ. ಚಿಂದ್ವಿನ್ ಹೊಳೆಯಲ್ಲಿ ಎರಡು ದಿನ ದೋಣಿಯಲ್ಲಿ ಕೂತು ಬಂದ ಮುದುಕರು. ಮೈಯಲ್ಲಿ ತಿಸ್ಸಿಯ ಹುಳಿವಾಸನೆ. ಹುಡುಗ ಪದ್ಧತಿಯಂತೆ ಬೇಲಿಯಾಚೆ ನಿಂತಿದ್ದ. ತಾನ್ ಶಿನ್ ಒಳಬಾಗಿಲಲ್ಲಿದ್ದಳು. ಅಕ್ಕ ಹುಳಿಹಿಡಿಸಿದ ಚಹಾ ಎಲೆಯ ತಟ್ಟೆ ಇಟ್ಟಳು. ನಾನು ಕರಡಿಗೆ ತಂದು ನಡುವೆ ಇಟ್ಟು, ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ.

ಕತೆ ಶುರುಮಾಡಿದೆ. ಮಾಂಡಲೆ, ಅರಮನೆ, ಮಂತ್ರಿ. ಬಿದಿರು ಕಡಿದದ್ದರಿಂದ ಹಿಡಿದು ಎನ್ನುವಲ್ಲಿಗೆ ಬಂದೆ. ಬೋ ತೀ ಅಷ್ಟರಲ್ಲಿ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಒಳಗೆ ಹೆಬ್ಬೆರಳು ಆಡಿಸುತ್ತಿದ್ದ. ಕೆಲಸಗಾರರೆಲ್ಲ ಹಾಗೆ, ಸುಮ್ಮನೆ ಕೂರಲು ಬರುವುದಿಲ್ಲ. ಅರಗಿನ ಮೇಲೆ ಒರಟು ಉಗುರು ಸರಸರ ಹೋಗುವ ಸದ್ದು ಕೇಳುತ್ತಿತ್ತು. ಆ ಸದ್ದು ಒಂದು ಕಡೆ ನಿಂತಿತು. ಸ್ವಲ್ಪ ಹಿಂದಕ್ಕೆ ಬಂತು, ಮತ್ತೆ ಅಲ್ಲಿಯೇ ನಿಂತಿತು. ನನ್ನ ಮಾತೂ ನಿಂತಿತು.

ಬೋ ತೀ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟ.

"ಒಳ್ಳೆ ಕೈ ಸಯಾ. ನಿಮ್ಮಜ್ಜನವರದ್ದು ಒಳ್ಳೆ ಕೈ. ಹೇಳಿ, ಮುಂದಕ್ಕೆ ಹೇಳಿ."

ಅವನು ಬೈದಿದ್ದರೆ ತಡೆಯುತ್ತಿದ್ದೆ. ನಕ್ಕಿದ್ದರೆ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದೆ, ಎಲ್ಲ ನೆಟ್ಟಗೆ ಮುಗಿಯುತ್ತಿತ್ತು. ಅವನು ನನ್ನನ್ನು ಹಾಗೇ ಬಿಟ್ಟುಬಿಟ್ಟ. ಕ್ಯೌಕ್ಕದ ಒಬ್ಬ ಡಬ್ಬಿಯವನು ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು, ನನ್ನ ಮೇಲೆ ದಯೆ ತೋರಿಸಿದ. ಮಗನೂ ಹೀಗೆಯೇ, ಅಪ್ಪನೂ ಹೀಗೆಯೇ. ಇವರಿಂದ ಕ್ಷಮೆ ತೆಗೆದುಕೊಳ್ಳುವಷ್ಟು ಕೆಳಗೆ ನಾನು ಇಳಿದಿಲ್ಲ.

"ಯಾಕೆ ಸುಮ್ಮನಾದ್ರಿ?" ಎಂದೆ. "ಹೇಳಿ. ಮೈ ನಿಮ್ಮೂರದ್ದು. ನಮ್ಮಜ್ಜ ತರಿಸಿಕೊಂಡದ್ದು, ತರಿಸಿಕೊಂಡು ಸುಳ್ಳು ಹೇಳಿದ್ದು. ತಳದಲ್ಲಿ ಸೀಳಿದ್ದನ್ನ ಕೂಡಿಸಿದ್ದು ನಿಮ್ಮ ಮಗ. ಅಲ್ಲಿ ಎರಡು ಬೆರಳಗಲ ಬಳ್ಳಿ ಇದೆಯಲ್ಲ, ಅದು ನನ್ನ ಮಗಳದ್ದು. ಹೋದ ವರ್ಷದಿಂದ ನನ್ನ ಹೆಸರಲ್ಲಿ ಮಾಂಡಲೆಗೆ ಹೋದದ್ದೆಲ್ಲ ಅವಳದ್ದೇ. ಇದರಲ್ಲಿ ನನ್ನದು ಅಂತ ಒಂದು ಗೆರೆಯೂ ಇಲ್ಲ."

ಒಳಬಾಗಿಲಲ್ಲಿ ಬಳೆ ಸದ್ದಾಯಿತು. ಇಬ್ಬರು ಮುದುಕರು ಇದ್ದ ಕಡೆ ನನಗೆ ಕಂಡದ್ದು ಎರಡು ಮಸುಕು ಗುಡ್ಡೆ ಮಾತ್ರ.

"ನೀವು ನಗ್ತಿದೀರೋ ಇಲ್ವೋ ನನಗೆ ಕಾಣಿಸ್ತಿಲ್ಲ. ನಗ್ತಿದ್ರೆ ಬಾಯಿಬಿಟ್ಟು ಹೇಳಿಬಿಡಿ."

ಬೋ ತೀ ಹತ್ತಿರಕ್ಕೆ ಸರಿದ. ಕರಡಿಗೆಯ ತಟ್ಟೆ ಎತ್ತುವ ಸದ್ದು ಕೇಳಿಸಿತು. ಎಲೆ ತೆಗೆದು ತೊಡೆಗೆ ಒರೆಸಿದ್ದು, ತೊಟ್ಟು ಮುರಿದದ್ದು, ಅಡಕತ್ತರಿ ಕಟಕ್ ಎಂದದ್ದು. ಮನೆಯವನು ಮಡಿಸಿ ಕೊಡಬೇಕಾದ ವೀಳ್ಯವನ್ನು ಬಂದವನು ಮಡಿಸುತ್ತಿದ್ದ. ಎಂಥ ಪದ್ಧತಿಯೋ, ನಮ್ಮಲ್ಲಿ ಹೀಗಿಲ್ಲ. ಒಂದನ್ನು ತನ್ನ ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು, ನನ್ನ ಕೈ ಹುಡುಕಿ ಹಿಡಿದು, ಬೆರಳು ಬಿಡಿಸಿ, ಅಂಗೈಯಲ್ಲಿಟ್ಟ. ಆಮೇಲೆ ಕಾದ.

ಮುಚ್ಚಳ ನನ್ನ ಮೊಣಕಾಲಿನ ಹತ್ತಿರವೇ ಇತ್ತು.

ಬಾಯಿಗೆ ಹಾಕಿಕೊಂಡೆ. ಕ್ಯೌಕ್ಕದವರಿಗೆ ಸುಣ್ಣ ಹಚ್ಚುವುದೂ ಬರುವುದಿಲ್ಲ. ಮೂರು ಜನಕ್ಕಾಗುವಷ್ಟು ಬಳಿದಿದ್ದ. ನಾಲಿಗೆ ಸುಟ್ಟುಹೋಯಿತು, ಕಣ್ಣಲ್ಲಿ ನೀರು ಬಂತು, ಎಲ್ಲರೂ ಅದನ್ನು ಬೇರೆ ಏನೋ ಎಂದುಕೊಂಡಿರಬೇಕು. ಅಕ್ಕ ಉಗುಳುವ ಬಟ್ಟಲನ್ನು ನನ್ನ ಕಡೆಗೆ ತಳ್ಳಿದಳು.

ಉಗುಳಲಿಲ್ಲ.